ಎಂಟು ಇಲ್ಲದ ಸಂಖ್ಯೆ

ಫೆಬ್ರವರಿ 6

ಭಾನುವಾರದ ಪುರವಣಿಯ ಸಂಪಾದಕರಿಗೆ,

ಕಳೆದ ವಾರ ಮಕ್ಕಳ ಅಂಕಣದಲ್ಲಿ ನೀವು ಒಂದು ದೊಡ್ಡ ಸಂಖ್ಯೆ ಕೊಟ್ಟಿದ್ದೀರಿ. ಅದನ್ನು ಒಂಬತ್ತರಿಂದ ಗುಣಿಸಿದರೆ ಬರೀ ಒಂದುಗಳ ಸಾಲು ಬರುತ್ತದೆ ಎಂದು ಬರೆದಿದ್ದೀರಿ. ಬರುವುದಿಲ್ಲ. ನೀವು ಅಚ್ಚು ಹಾಕಿರುವುದು 123456789. ಇದನ್ನು ಒಂಬತ್ತರಿಂದ ಗುಣಿಸಿದರೆ 1111111101 ಆಗುತ್ತದೆ. ಮುಗಿಯುವ ಹೊತ್ತಿಗೆ ಒಂದು ಸೊನ್ನೆ ನುಗ್ಗಿ ಸಾಲು ಕೆಡಿಸುತ್ತದೆ.

ನಮ್ಮದು ಕನ್ನಡಕದ ಅಂಗಡಿ. ನಿನ್ನೆ ಒಬ್ಬ ತಾಯಿ ಕಟ್ಟೆಯ ಮೇಲೆ ನಿಮ್ಮ ಪುರವಣಿ ಹರಡಿಕೊಂಡು, “ಗುಣಾಕಾರನೂ ನೆಟ್ಟಗೆ ಬರಲ್ವಲ್ಲೇ ನಿಂಗೆ” ಎಂದು ಮಗಳ ತಲೆಗೆ ಮೊಟಕುತ್ತಿದ್ದರು. ಮಗಳ ಗುಣಾಕಾರ ಸರಿಯಾಗಿತ್ತು. ತಪ್ಪು ನಿಮ್ಮದು. ಆ ಮೊಟಕು ನಿಮಗೆ ಸೇರಬೇಕಾದದ್ದು.

ಸರಿಯಾದ ಸಂಖ್ಯೆ 12345679. ಒಂದು ಕೋಟಿ ಇಪ್ಪತ್ತಮೂರು ಲಕ್ಷ ನಲವತ್ತೈದು ಸಾವಿರದ ಆರುನೂರ ಎಪ್ಪತ್ತೊಂಬತ್ತು. ಏಳಾದ ಮೇಲೆ ನೇರವಾಗಿ ಒಂಬತ್ತು. ಎಂಟು ಅಲ್ಲಿ ಇರಕೂಡದು. ಇದನ್ನು ನಾನು ಯಾವ ಪುಸ್ತಕದಿಂದಲೂ ಹೇಳುತ್ತಿಲ್ಲ. ಅಪ್ಪ ಅಮ್ಮ ಇಲ್ಲದ ಹೆಣ್ಣುಮಕ್ಕಳ ನಿಲಯದಲ್ಲಿ ಬೆಳೆದವಳು ನಾನು. ಒಂದು ಕೋಣೆಯಲ್ಲಿ ಒಂಬತ್ತು ಹಾಸಿಗೆ, ನನ್ನದು ಎಂಟನೆಯದು. ಹಾಸಿಗೆಯ ನಂಬರೇ ನಮ್ಮನ್ನು ಕರೆಯುವ ಹೆಸರು. ಶನಿವಾರ ನಮ್ಮ ಕೋಣೆಗೇ ಬರುತ್ತಿದ್ದ ಲೆಕ್ಕದ ಟೀಚರ್ ಈ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದಾಗ, ಅದರಲ್ಲಿ ಇಲ್ಲದವಳು ನಾನೊಬ್ಬಳೇ. ಹಾಗಾಗಿ ಚೆನ್ನಾಗಿ ನೆನಪಿದೆ.

ದಯವಿಟ್ಟು ಎಂಟನ್ನು ತೆಗೆದುಹಾಕಿ. ಬೇಕಿದ್ದರೆ ಕೇಳಲು ಅಂಗಡಿಯ ಫೋನ್ ನಂಬರನ್ನು ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ನಿಮ್ಮ ಪತ್ರಿಕೆಯನ್ನು ಕಾಸು ಕೊಟ್ಟು ಓದುವವಳು,
ಕನ್ನಡಕದ ಅಂಗಡಿ, ಹಳೇ ಬಸ್ ನಿಲ್ದಾಣದ ಎದುರು

*

ಫೆಬ್ರವರಿ 15

ಮಾನ್ಯರೆ,

ನಿಮ್ಮ ಪತ್ರ ತಲುಪಿತು. ತಿದ್ದುಪಡಿ ಈ ಭಾನುವಾರ ನಾಲ್ಕನೇ ಪುಟದ ಕೆಳಗೆ ಬರುತ್ತದೆ. ಇಲ್ಲಿಗೆ ಪತ್ರಿಕೆ ಹೇಳಬೇಕಾದದ್ದು ಮುಗಿಯಿತು. ಮುಂದಿನದು ನಾನು ಹೇಳುವುದು.

ನಾನು ಪುರವಣಿಯ ಪ್ರೂಫ್ ನೋಡುವವಳು. ಅಂಕಣ ಬರೆಯುವವರು ಸಂಖ್ಯೆಯನ್ನು ಸರಿಯಾಗಿಯೇ ಕಳಿಸಿದ್ದರು. ನಾನೂ ಮುಟ್ಟಿರಲಿಲ್ಲ. ಪುಟ ಹೋಗುವ ಮುಂಚೆ ಉಪಸಂಪಾದಕರು ಬಂದು ನನ್ನ ಮೇಜಿನ ಮೇಲೆ ಬಗ್ಗಿದರು.

“ಏನ್ ಮೇಡಂ, ಒಂದರಿಂದ ಒಂಬತ್ತು ಎಣಿಸೋಕೂ ಪ್ರೂಫ್‌ನವರಿಗೆ ಬರಲ್ವಾ? ಎಂಟು ಎಲ್ಲಿ?”

“ಎಂಟು ಅದರಲ್ಲಿ ಇರೋದಿಲ್ಲ ಸರ್.”

“ಇರೋದಿಲ್ಲ ಅಂದ್ರೆ? ರಜಾ ಹಾಕಿದ್ಯಾ?”

ಪಕ್ಕದ ಮೇಜಿನವರೆಲ್ಲ ನಕ್ಕರು. ಅವರೇ ಪೆನ್ನು ತೆಗೆದು ಎಂಟನ್ನು ಸೇರಿಸಿದರು. ನಾನು ಇನ್ನೊಂದು ಮಾತು ಆಡಬಹುದಿತ್ತು, ಆಡಲಿಲ್ಲ. ಅಲ್ಲಿ ಎಂಟನ್ನು ನೋಡಿ ನನಗೇ ಒಂದು ಕ್ಷಣ ಇದ್ದರೆ ಇರಲಿ ಎನಿಸಿತು. ಯಾಕೆ ಹಾಗೆನಿಸಿತೋ ನನಗೆ ತಿಳಿಯದು.

ನಿಮ್ಮನ್ನು ಒಂದೇ ಒಂದು ವಿಷಯ ಕೇಳಬೇಕಿದೆ. ನಿಮ್ಮ ಕೋಣೆಯ ಒಂಬತ್ತನೇ ಹಾಸಿಗೆಯ ಹುಡುಗಿಯನ್ನು ಏನೆಂದು ಕರೆಯುತ್ತಿದ್ದಿರಿ? ಇಷ್ಟನ್ನು ಬರೆಯಿರಿ. ನಾನು ಫೋನ್ ಮಾಡುವುದಿಲ್ಲ. ಬಾಯಿಂದ ಹೊರಟದ್ದನ್ನು ಅಳಿಸಿ ಬರೆಯಲು ಬರುವುದಿಲ್ಲ, ಕಾಗದದ ಮೇಲಾದರೆ ಅಡ್ಡಗೀಟು ಹಾಕಬಹುದು.

ಇತಿ,
ಪ್ರೂಫ್ ವಿಭಾಗ

*

ಫೆಬ್ರವರಿ 24

ಕಡೇಪುಟ್ಟಿ,

ಅದೇ ಹೆಸರು, ಅಲ್ಲವೇ? ಕಡೆಯ ಹಾಸಿಗೆ, ಎಲ್ಲರಿಗಿಂತ ಪುಟ್ಟವಳು. ನಿನ್ನ ಕಾಗದ ಓದುತ್ತ ಗಿರಾಕಿಯೊಬ್ಬರ ಫ್ರೇಮನ್ನು, ಮೆತ್ತಗಾಗಿ ಬಗ್ಗಲಿ ಎಂದು ಹೂತಿಟ್ಟ ಬಿಸಿ ಮರಳಿನಲ್ಲೇ ಮರೆತೆ. ಕಿವಿಗೆ ಸಿಕ್ಕಿಸುವ ಕಡ್ಡಿ ಬಾಡಿದ ಸೊಪ್ಪಿನ ದಂಟಿನ ಹಾಗೆ ಜೋತುಬಿತ್ತು. “ಮೊದ್ಲು ನೀವೊಂದು ಕನ್ನಡಕ ಹಾಕ್ಕೊಳ್ಳಿ ತಾಯಿ” ಎಂದು ಬೈದುಹೋದರು. ಒಳಗೆ ಗಾಜು ಉಜ್ಜುತ್ತಿದ್ದ ನಮ್ಮ ಯಜಮಾನರಿಗೆ ಕಿವಿ ಸ್ವಲ್ಪ ಮಂದ. ಹೊರಗೆ ಬಂದು, “ಯಾರು ಕಡ್ಡಿ ಮುರಿದ್ರು?” ಎಂದರು. ಯಾರೂ ಮುರಿದಿಲ್ಲ, ಕಡೇಪುಟ್ಟಿ ಸಿಕ್ಕಳು ಎಂದೆ. “ಎಷ್ಟು ಪವರ್?” ಎಂದರು. ಇಂಥವರ ಜೊತೆ ನನ್ನ ಸಂಸಾರ.

ಮಾನ್ಯರೆ, ನೀವು, ತಾವು ಎಲ್ಲ ಬಿಡು ಮಾರಾಯ್ತಿ. ನಿನ್ನ ತಲೆ ಬಾಚಿದವಳು ನಾನು. ಎಂಟು ಎಂದು ಬರೀ ನಂಬರು ಕರೆಯಲು ಮನಸ್ಸು ಬಾರದೆ ಎಂಟಕ್ಕ ಎಂದು ಮೊದಲು ಕರೆದವಳು ನೀನು. ಆಮೇಲೆ ವಾರ್ಡನಮ್ಮ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಹಾಗೇ ಕರೆದರು.

ಆ ಶನಿವಾರ ನೆನಪಿದೆಯಾ? ಟೀಚರ್ ಒಬ್ಬೊಬ್ಬಳನ್ನೇ ಬೋರ್ಡಿನ ಹತ್ತಿರ ಕರೆದರು. ನಿನ್ನ ನಂಬರನ್ನು ಒಂಬತ್ತರಿಂದ ಗುಣಿಸು, ಬಂದದ್ದರಿಂದ ಈ ದೊಡ್ಡ ಸಂಖ್ಯೆಯನ್ನು ಗುಣಿಸು ಎಂದರು. ಐದನೆಯವಳು ನಲವತ್ತೈದರಿಂದ ಗುಣಿಸಿದಳು, ಬೋರ್ಡಿನ ತುಂಬ ಐದುಗಳು. ನನ್ನ ಸರದಿ ಬಂದಾಗ ನಾನು ಏಳಲಿಲ್ಲ. ಅದರಲ್ಲಿ ನಾನೇ ಇಲ್ಲವಲ್ಲ ಟೀಚರ್ ಎಂದೆ. ಆರನೆಯವಳು, “ಹಾಜರಿಲೂ ಇಲ್ಲ ಕಣೇ ನೀನು, ಊಟಕ್ಕೂ ಬರಬೇಡ” ಎಂದಳು. ಎಲ್ಲರೂ ನಕ್ಕರು. “ಇದೀಯೋ ಇಲ್ವೋ ಗುಣಿಸಿ ನೋಡು” ಎಂದರು ಟೀಚರ್. ಎಪ್ಪತ್ತೆರಡರಿಂದ ಗುಣಿಸಿದೆ. 888888888. ಇಲ್ಲದವಳು ಸಾಲಾಗಿ ಬಂದು ನಿಂತಿದ್ದೆ. ನೀನು ಹಾಸಿಗೆಯ ಮೇಲೆ ನಿಂತು ಚಪ್ಪಾಳೆ ತಟ್ಟಿ ಬೈಸಿಕೊಂಡೆ.

ಗಿರಾಕಿ ಇಲ್ಲದಾಗ ಈಗಲೂ ಗಾಜು ಸುತ್ತಿ ಬಂದ ಕಾಗದದ ಹಿಂದೆ ಅದನ್ನು ಗುಣಿಸುತ್ತಿರುತ್ತೇನೆ. ಎರಡರಿಂದ ಗುಣಿಸು, 24691358. ಎಂಟು ಬಂತು, ಏಳು ಕಾಣೆ. ನಾಲ್ಕರಿಂದ ಗುಣಿಸಿದರೆ ಐದು ಕಾಣೆ. ಐದರಿಂದಾದರೆ ನಾಲ್ಕು ಕಾಣೆ. ಎಂಟರಿಂದ ಗುಣಿಸಿದರೆ 98765432, ಸಾಲು ಪೂರ್ತಿ ಹಿಂದುಮುಂದಾಗಿ ನಿಲ್ಲುತ್ತದೆ, ಒಂದು ಕಾಣೆ. ಮೂರಕ್ಕೂ ಆರಕ್ಕೂ ಈ ಮಾತು ನಿಲ್ಲದು. ಮೂರಕ್ಕೆ 37037037 ಎಂದು ತೊದಲುತ್ತದೆ. ಭಾಗಿಸಲು ಹೋದರೆ ಮೂವತ್ತೇಳರಿಂದ ಹೋಗುತ್ತದೆ, ಆಗ ಬರುವ 333667 ಮಾತ್ರ ಯಾವುದಕ್ಕೂ ಬಗ್ಗುವುದಿಲ್ಲ. ಇದನ್ನೆಲ್ಲ ತಿಳಿದು ಏನಾಗಬೇಕು ಎಂದರೆ ನನಗೆ ಗೊತ್ತಿಲ್ಲ. ಇಷ್ಟು ನಿಜ. ಆ ಸಾಲಿನಲ್ಲಿ ಯಾರಾದರೊಬ್ಬರು ಯಾವಾಗಲೂ ಹೊರಗೆ ನಿಂತಿರುತ್ತಾರೆ.

ನಿನ್ನ ಸುದ್ದಿ ಬರೆ. ಮದುವೆ, ಮನೆ, ಆರೋಗ್ಯ, ಎಲ್ಲ. ಮುಖ ತೋರಿಸದೆ ಹೋದೆ ಎಂಬ ಸಿಟ್ಟು ಬಹಳ ದಿನ ಇತ್ತು. ಈಗಿಲ್ಲ.

ನಿನ್ನ,
ಎಂಟಕ್ಕ

*

ಮಾರ್ಚ್ 20

ಕನ್ನಡಕದ ಅಂಗಡಿಯವರಿಗೆ,

ಉತ್ತರ ತಡವಾಯಿತು. ಎಂಟಕ್ಕ ಎಂದು ಬರೆಯಲು ಹೋದರೆ ಕೈ ನಿಲ್ಲುತ್ತದೆ. ಹಾಗಾಗಿ ಹೀಗೆ.

ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ‘ಮುಖ ತೋರಿಸದೆ ಹೋದೆ.’ ಯಾರು ಹೋದದ್ದು? ‘ನಾನು ಹೋದೆ’ ಎಂದರೂ ‘ಹೋದೆ’, ‘ನೀನು ಹೋದೆ’ ಎಂದರೂ ‘ಹೋದೆ’. ಪ್ರೂಫಿನಲ್ಲಿ ಇಂಥ ವಾಕ್ಯ ಬಂದರೆ ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿ ಬರೆದವರಿಗೇ ವಾಪಸ್ ಕಳಿಸುತ್ತೇನೆ. ಇದನ್ನೂ ಕಳಿಸುತ್ತಿದ್ದೇನೆ. ನೀವು ನಿಮ್ಮ ಬಗ್ಗೆ ಬರೆದಿದ್ದರೆ ಅದು ಕ್ಷಮೆ ಕೇಳಿದ ಹಾಗೆ. ನನ್ನ ಬಗ್ಗೆ ಬರೆದಿದ್ದರೆ ತಪ್ಪನ್ನು ನನ್ನ ಮೇಲೆ ಹೊರಿಸಿದ ಹಾಗೆ.

ಸಂಖ್ಯೆಯ ವಿಷಯಕ್ಕೂ ಬರುತ್ತೇನೆ. ಅಂಕಣ ಬರೆಯುವವರನ್ನು ಕೇಳಿದೆ, ಎಂಟು ಯಾಕಿಲ್ಲ ಎಂದು. ಅವರು ಹೇಳಿದ್ದು ಹೀಗೆ. ಒಂದನ್ನು ಎಂಬತ್ತೊಂದರಿಂದ ಭಾಗಿಸಿದರೆ ದಶಾಂಶದ ಚುಕ್ಕೆಯಾದ ಮೇಲೆ ಒಂದು ಸೊನ್ನೆ, ಆಮೇಲೆ ಈ ಸಂಖ್ಯೆ, ಮತ್ತೆ ಸೊನ್ನೆ, ಮತ್ತೆ ಇದೇ ಸಂಖ್ಯೆ, ಹೀಗೆ ಮುಗಿಯದೆ ಬರುತ್ತಿರುತ್ತದೆ. ಒಳಗೆ ನಿಜಕ್ಕೂ ನಿಂತಿರುವುದು ಸೊನ್ನೆ, ಒಂದು, ಎರಡು ಎಂದು ಎಂಟು, ಒಂಬತ್ತು, ಹತ್ತು, ಹನ್ನೊಂದರವರೆಗೆ ಮತ್ತು ಮುಂದಕ್ಕೆ, ಎಲ್ಲವೂ ಕ್ರಮವಾಗಿ, ಒಂದಕ್ಕೆ ಒಂದೇ ಮನೆ. ಆದರೆ ಹತ್ತು ಒಂದೇ ಮನೆಯಲ್ಲಿ ಹಿಡಿಸುವುದಿಲ್ಲ. ಅದರ ಒಂದು ಎಡಕ್ಕೆ ಹೋಗಿ ಒಂಬತ್ತನ್ನು ಸೇರುತ್ತದೆ. ಒಂಬತ್ತೂ ಹತ್ತಾಗುತ್ತದೆ, ಅದೂ ಹಿಡಿಸುವುದಿಲ್ಲ. ಅದರ ಒಂದು ಮತ್ತೆ ಎಡಕ್ಕೆ ಹೋಗಿ ಎಂಟನ್ನು ಸೇರುತ್ತದೆ. ಎಂಟು ಒಂಬತ್ತಾಗುತ್ತದೆ. ಒಂಬತ್ತಿನ ಮನೆಯಲ್ಲಿ ಸೊನ್ನೆ ಉಳಿಯುತ್ತದೆ.

ಹಾಗಾದರೆ ಕಾಣೆಯಾದದ್ದು ಎಂಟೋ, ಒಂಬತ್ತೋ? ಕಣ್ಣಿಗೆ ಕಾಣುವ ಒಂಬತ್ತು ನಿಜವಾದ ಎಂಟು. ನಿಜವಾದ ಒಂಬತ್ತು ಈಗ ಸೊನ್ನೆ. ಎರಡು ದಿನ ಯೋಚಿಸಿದೆ. ಪುಟಗಳ ತಪ್ಪುಗಳು ಕಣ್ಣು ತಪ್ಪಿಸಿಕೊಂಡು ಹೋದವು.

ಇನ್ನು ನನ್ನ ಪ್ರಶ್ನೆ. ಬರುತ್ತೇನೆ ಎಂದು ಹೇಳಿಕಳಿಸಿದವರು ನೀವು. ಗೇಟಿನ ಹತ್ತಿರ ಚೀಲ ಇಟ್ಟುಕೊಂಡು ಕೂತವಳು ನಾನು. ಯಾಕೆ ಬರಲಿಲ್ಲ?

ಇತಿ,
ಪ್ರೂಫ್ ವಿಭಾಗ

*

ಮಾರ್ಚ್ 27

ಕಡೇಪುಟ್ಟಿ,

ನಿನ್ನ ಪ್ರಶ್ನೆಯ ಗುರುತು ನನಗೆ ತಾಗಿತು. ಹೋದದ್ದು ನೀನು. ಮುಖ ತೋರಿಸದೆ ಹೋದದ್ದು ನೀನು. ಆ ವಾಕ್ಯವನ್ನು ಬರೆಯುವಾಗ ನನಗೆ ಬೇರೆ ಅರ್ಥ ಹೊಳೆಯಲೇ ಇಲ್ಲ.

ಆದರೆ ಈಗ ನನಗೇ ಏನೂ ಅರ್ಥವಾಗುತ್ತಿಲ್ಲ. ನಾನು ಯಾರ ಹತ್ತಿರ ಏನು ಹೇಳಿಕಳಿಸಿದೆ? ಆ ದಿನಗಳಲ್ಲಿ ನನಗೆ ಮಂಗನಬಾವು. ಕೆನ್ನೆ ಊದಿಕೊಂಡು ಬಾಯಿ ತೆರೆಯಲು ಆಗುತ್ತಿರಲಿಲ್ಲ. ಹಿತ್ತಲಿನ ಕೋಣೆಯಲ್ಲಿ ಒಬ್ಬಳನ್ನೇ ಹಾಕಿದ್ದರು, ಊಟವನ್ನು ಕಿಟಕಿಯಲ್ಲಿ ಇಟ್ಟುಹೋಗುತ್ತಿದ್ದರು. ನಿನ್ನನ್ನು ಕರೆದುಕೊಂಡು ಹೋಗಲು ಯಾರೋ ಬರುತ್ತಾರೆ ಎಂದು ಸಹ ನನಗೆ ಯಾರೂ ಹೇಳಲಿಲ್ಲ. ಊತ ಇಳಿದು ಕೋಣೆಗೆ ಬಂದರೆ ಒಂಬತ್ತನೇ ಹಾಸಿಗೆಯ ಚಾದರ ಮಡಿಸಿಟ್ಟಿತ್ತು. ವಾರ್ಡನಮ್ಮ, “ಅವಳ ಚಿಕ್ಕಮ್ಮ ಬಂದು ಕರ್ಕೊಂಡ್ ಹೋದ್ರು. ನಗ್ತಾ ನಗ್ತಾ ಹೋದ್ಳು” ಎಂದರು. ಕಿಟಕಿಯ ಹತ್ತಿರ ಬಂದು ಕೈಯಾಡಿಸಿ ಹೋಗಬಹುದಿತ್ತಲ್ಲ ಎಂದು ಅತ್ತೆ.

ಇನ್ನೊಂದು ಸಂಗತಿ ಹೇಳುತ್ತೇನೆ. ಕಾಯಿಲೆಯಿಂದ ಎದ್ದವಳು ಮೂಲೆಯಲ್ಲಿರಲಿ ಎಂದು ವಾರ್ಡನಮ್ಮ ನನ್ನನ್ನು ನಿನ್ನ ಹಾಸಿಗೆಗೆ ಹಾಕಿದರು. ನನ್ನ ಹಾಸಿಗೆಯನ್ನು ಬಿಸಿಲಿಗೆ ಒಯ್ದವರು ಮತ್ತೆ ತರಲಿಲ್ಲ. ಅಲ್ಲಿಂದ ಅವರ ಬಾಯಲ್ಲಿ ನಾನು ಒಂಬತ್ತು. ನಿನ್ನ ಅಂಕಣದವರ ಲೆಕ್ಕದಲ್ಲೂ ಎಂಟು ಒಂಬತ್ತಾಗುತ್ತದಲ್ಲ. ನಮ್ಮವರಿಗೆ ಓದಿ ಹೇಳಿದೆ. ಕೈಯಲ್ಲಿದ್ದ ಗಾಜನ್ನು ಬೆಳಕಿಗೆ ಹಿಡಿದುಕೊಂಡೇ, “ಸಂಖ್ಯೆಗೇನು ನಿಮ್ಮ ಹಾಸ್ಟೆಲ್ ಸುದ್ದಿ ಗೊತ್ತಿತ್ತಾ?” ಎಂದರು. ಅದೂ ಸರಿಯೇ.

ನೀನು ನಗುತ್ತಾ ಹೋದೆಯಾ?

ಎಂಟಕ್ಕ

*

ಏಪ್ರಿಲ್ 18

ಎಂಟಕ್ಕನಿಗೆ,

ನಗುತ್ತಾ ಹೋಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀನೇ ನೋಡಿ ಹೇಳು, ನನಗೆ ಬಗೆಹರಿಯುತ್ತಿಲ್ಲ.

ಬೆಳಿಗ್ಗೆ ಆಯಾ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಬಾಯಿಯ ತುಂಬ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳು. ನನ್ನನ್ನು ಕಂಡು ಹಲ್ಲು ಬಿಡಿಸದೆಯೇ, “ಎಂಟಕ್ಕ ಬರ್ತಾಳೆ, ಚೀಲ ತಗೊಂಡು ಗೇಟ್ ಹತ್ರ ಕೂತಿರು” ಎಂದಳು. ಚೀಲ ಎಂದರೆ ಪ್ರಯಾಣ ಎಂದು ತಿಳಿಯಿತು. ನಿನಗೆ ವಾಸಿಯಾಗಿದೆ, ನಾವಿಬ್ಬರೂ ಎಲ್ಲಿಗೋ ಹೋಗುತ್ತೇವೆ ಎಂದುಕೊಂಡೆ. ನಿನ್ನ ಬಾಚಣಿಗೆಯನ್ನೂ ನನ್ನ ಚೀಲಕ್ಕೆ ಹಾಕಿಕೊಂಡೆ. ನೀನು ಮರೆಯುವವಳು.

ಗೇಟಿನ ಹತ್ತಿರ ಕೂತೆ. ಎದುರಿನ ಕಾರ್ಖಾನೆಯ ಸೈರನ್ ಕೂಗಿತು, ಕೆಲಸದವರು ಒಳಗೆ ಹೋದರು. ಅಷ್ಟರಲ್ಲಿ ಆಟೋದಿಂದ ಚಿಕ್ಕಮ್ಮ ಇಳಿದಳು. ನಾನು ಅವಳನ್ನು ಎಂದೂ ನೋಡಿರಲಿಲ್ಲ. ಎಂಟಕ್ಕ ಬರಲಿ, ಆಮೇಲೆ ಹತ್ತುತ್ತೇನೆ ಎಂದೆ. “ಯಾವ ಎಂಟಕ್ಕ?” ಎಂದಳು. ಗೇಟಿನ ಸರಳನ್ನು ಹಿಡಿದುಕೊಂಡೆ. ವಾರ್ಡನಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಚಿಕ್ಕಮ್ಮನ ಮನೆಯಿಂದ ನಿನಗೆ ಕಾಗದ ಬರೆದೆ. ಮೇಲೆ ‘ಎಂಟನೇ ಹಾಸಿಗೆ’ ಎಂದು ಬರೆದು ಅಂಚೆಗೆ ಹಾಕಿಸಿದೆ. ವಾಪಸ್ ಬಂತು. ಹಿಂಬದಿಯಲ್ಲಿ ವಾರ್ಡನಮ್ಮನ ಕೈಬರಹ: ‘ಎಂಟನೇ ಹಾಸಿಗೆಯಲ್ಲಿ ಯಾರೂ ಇಲ್ಲ.’ ಮೊದಲು ನೀನು ಸತ್ತೆ ಎಂದುಕೊಂಡೆ. ಆಮೇಲೆ ಸತ್ತಿಲ್ಲ, ಬೇರೆ ಮನೆಗೆ ಹೋಗಿದ್ದೀಯ, ನನ್ನನ್ನು ಕೂರಿಸಿ ಬೇಕೆಂದೇ ಹೋಗಿದ್ದೀಯ ಎಂದುಕೊಂಡೆ. ಸತ್ತಿದ್ದಾಳೆ ಎನ್ನುವುದಕ್ಕಿಂತ ಅದೇ ವಾಸಿ ಎನಿಸಿತು. ಸಿಟ್ಟು ಮಾಡಿಕೊಳ್ಳಲು ನೀನು ಇದ್ದೆ. ಚಿಕ್ಕಮ್ಮ ಕೆಟ್ಟವಳಲ್ಲ, ಓದಿಸಿದಳು. ಅವಳು ತೀರಿಕೊಂಡ ಮೇಲೆ ನಾನೊಬ್ಬಳೇ, ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ.

ಈಗ ಬರೆಯಲು ಕಾರಣ ಬೇರೆ ಇದೆ. ನನ್ನ ಎಡಗಣ್ಣು ಹುಟ್ಟಿನಿಂದಲೇ ಮಂದ, ನಿನಗೆ ಗೊತ್ತು. ದುಡಿಯುತ್ತಿದ್ದದ್ದು ಬಲಗಣ್ಣು. ಅದಕ್ಕೆ ಪೊರೆ ಬಂದಿದೆ, ಸುಲಭದ್ದಲ್ಲವಂತೆ. ಮೂರು ಯಾವುದು, ಎಂಟು ಯಾವುದು ಎಂದು ಪುಟವನ್ನು ಕಿಟಕಿಗೆ ಒಯ್ದು ನೋಡುವ ಹಾಗಾಗಿದೆ. ಮೇ ತಿಂಗಳ ಕೊನೆಯ ಬುಧವಾರ ಆಪರೇಷನ್. ಆಮೇಲೆ ಕೆಲವು ದಿನ ಆ ಕಣ್ಣು ಕಟ್ಟಿರುತ್ತಾರೆ. ಜೊತೆಗೆ ಒಬ್ಬರು ಇರಲೇಬೇಕು, ಯಾರು ಎಂದು ಡಾಕ್ಟರ್ ಕೇಳಿದರು. ಹೇಳುತ್ತೇನೆ ಎಂದು ಬಂದೆ.

ನಿನ್ನ ಪತ್ರ ಬಂದಾಗಿನಿಂದ ನಿನ್ನನ್ನೇ ಕೇಳೋಣ ಎಂದು ಒಂದು ಮನಸ್ಸು. ಆದರೆ ಕಣ್ಣು ಕಾಣದೆ ಕೂತು, ಬರುತ್ತಾಳೋ ಇಲ್ಲವೋ ಎಂದು ಇನ್ನೊಂದು ಸಲ ಕಾಯಲು ನನ್ನಿಂದಾಗದು. ಅದಕ್ಕೇ ಮೊದಲು ಕೇಳಿದ್ದು, ಆಗ ಯಾಕೆ ಬರಲಿಲ್ಲ ಎಂದು. ನೀನು ಹೇಳಿಕಳಿಸಿಯೇ ಇಲ್ಲ ಎನ್ನುತ್ತೀಯ. ಆಯಾ ಯಾಕೆ ಸುಳ್ಳು ಹೇಳುತ್ತಾಳೆ?

ಕಡೇಪುಟ್ಟಿ

*

ಏಪ್ರಿಲ್ 24

ಕಡೇಪುಟ್ಟಿ,

ಆಯಾ ಸುಳ್ಳು ಹೇಳಲಿಲ್ಲ. ಇದನ್ನು ಕಂಡುಹಿಡಿದದ್ದು ನಾನಲ್ಲ, ನಮ್ಮ ಮನೆಯ ಕಿವುಡರು.

ನಿನ್ನ ಕಾಗದವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಚಕ್ರದ ಮೇಲೆ ಗಾಜು ತಿರುಗುತ್ತಿತ್ತು. “ಎಂಟಕ್ಕ ಬರ್ತಾಳೆ, ಚೀಲ ತಗೊಂಡು” ಎನ್ನುವಷ್ಟರಲ್ಲಿ ಚಕ್ರ ನಿಲ್ಲಿಸಿದರು.

“ಎಂಟಕ್ಕೆ ಯಾರೇ ಬರೋದು? ಅಂಗಡಿ ತೆಗೆಯೋದೇ ಒಂಬತ್ತಕ್ಕೆ.”

“ಅಯ್ಯೋ, ಎಂಟಕ್ಕೆ ಅಲ್ಲ ಕಣ್ರೀ, ಎಂಟಕ್ಕ.”

“ಅದೇ ನಾನೂ ಹೇಳ್ತಿರೋದು, ಎಂಟಕ್ಕೆ ಬಂದ್ರೆ ಬಾಗಿಲು ಹಾಕಿರುತ್ತೆ.”

ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ನೀನೂ ಒಮ್ಮೆ ಹಲ್ಲಿನ ಮಧ್ಯೆ ಏನಾದರೂ ಕಚ್ಚಿಕೊಂಡು ಎರಡನ್ನೂ ಹೇಳಿ ನೋಡು. ಎಂಟಕ್ಕೆ ಬರ್ತಾಳೆ. ಎಂಟಕ್ಕ ಬರ್ತಾಳೆ. ಚಿಕ್ಕಮ್ಮ ಎಂಟು ಗಂಟೆಗೆ ಬರುತ್ತಾಳೆ ಎಂದು ಆಯಾ ಹೇಳಿದ್ದು. ಯಾರು ಎಂದು ಅವಳು ಹೇಳಲಿಲ್ಲ, ನಿನಗೆ ಗೊತ್ತಿದೆ ಎಂದುಕೊಂಡಳು. ಆ ಕಾರ್ಖಾನೆಯ ಸೈರನ್ ಎಂಟಕ್ಕೇ ಕೂಗುತ್ತಿತ್ತು, ಅದನ್ನು ಕೇಳಿಯೇ ನಾವು ಬೆಳಗಿನ ತಿಂಡಿಗೆ ಓಡುತ್ತಿದ್ದೆವಲ್ಲ. ನಿನ್ನ ಚಿಕ್ಕಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಎಲ್ಲರೂ ಸರಿಯಾಗಿಯೇ ಮಾಡಿದರು. ಒಂದು ಎತ್ವ ಕ್ಲಿಪ್ಪುಗಳ ನಡುವೆ ಸಿಕ್ಕಿಕೊಂಡಿತು, ಅಷ್ಟೇ.

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ನಮ್ಮವರು, “ನಾನೇನ್ ತಪ್ಪು ಹೇಳ್ದೆ?” ಎಂದು ಕೇಳುತ್ತಲೇ ಇದ್ದರು.

ನಿನ್ನ ಕಾಗದ ವಾಪಸ್ ಬಂದದ್ದೂ ಅಷ್ಟರಲ್ಲಿ ನಾನು ನಿನ್ನ ಒಂಬತ್ತನೇ ಹಾಸಿಗೆಗೆ ಹೋಗಿದ್ದಕ್ಕೇ. ಇನ್ನೇನು ಗೊಂದಲ ಉಳಿಯಿತು? ಆಪರೇಷನ್ನಿಗೆ ನಾನು ಬರುತ್ತೇನೆ. ಕಣ್ಣಿನ ತೊಂದರೆಯವರ ಜೊತೆಯೇ ನನ್ನ ಬದುಕು ಕಳೆದಿದೆ, ಯಾವ ಹನಿ ಯಾವಾಗ ಹಾಕಬೇಕು ಎಂದು ನನಗೆ ಯಾರೂ ಕಲಿಸಬೇಕಿಲ್ಲ. ಆಸ್ಪತ್ರೆಯ ವಿಳಾಸ ಕಳಿಸು.

ಎಂಟಕ್ಕ

*

ಮೇ 9

ಎಂಟಕ್ಕ,

ನಿನ್ನ ಪತ್ರ ಓದಿ, ಒಂದು ಪೆನ್ಸಿಲ್ ಕಚ್ಚಿಕೊಂಡು ಎರಡನ್ನೂ ಹೇಳಿದೆ. ನೀನು ಹೇಳಿದ್ದು ಸರಿ. ದಿನವಿಡೀ ಎತ್ವ, ಕೊಂಬು, ದೀರ್ಘ ಹುಡುಕುವುದೇ ನನ್ನ ಕೆಲಸ. ನನಗೆ ಇದು ಕಾಣಲಿಲ್ಲ.

ತಪ್ಪು ಸಿಕ್ಕಿದ ಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಯಾಕೆ ಎಂದು ಹೇಳಲು ಪ್ರಯತ್ನಿಸುತ್ತೇನೆ, ಎಷ್ಟು ಸ್ಪಷ್ಟವಾಗುತ್ತದೋ ನೋಡು. ಇಷ್ಟು ವರ್ಷ ನನ್ನ ಹತ್ತಿರ ಒಂದು ಮಾತು ಇತ್ತು. ನೀನು ಅದನ್ನು ಮುರಿದಿದ್ದೆ, ಆದರೂ ಅದು ಇತ್ತು. ಯಾರೋ ಒಬ್ಬರು ನನಗೆ ಬರುತ್ತೇನೆ ಎಂದಿದ್ದರು. ಚಿಕ್ಕಮ್ಮನ ಮನೆಯಲ್ಲಿ ಮೊದಲ ದಿನಗಳಲ್ಲಿ ನಾನು ಊಟ ಮಾಡಿದ್ದು ಆ ಮಾತನ್ನು ನಂಬಿ. ಬರುತ್ತೇನೆ ಎಂದವಳು ತಡವಾಗಿಯಾದರೂ ಬರುತ್ತಾಳೆ ಎಂದು. ಈಗ ನೋಡಿದರೆ ಅಂಥ ಮಾತನ್ನು ಯಾರೂ ಆಡಿಯೇ ಇಲ್ಲ. ಒಂದು ಎತ್ವವನ್ನು ಸೇರಿಸಿದೆ, ನೀನು ವಾಕ್ಯದಿಂದಲೇ ಹೊರಗೆ ಹೋದೆ.

ಕಾಯುತ್ತಿದ್ದದ್ದು ಯಾರಿಗೆ? ಸಿಟ್ಟು ಮಾಡಿಕೊಂಡದ್ದು ಯಾರ ಮೇಲೆ? ನನಗೆ ದಿಕ್ಕು ತಪ್ಪಿದ ಹಾಗಾಗಿದೆ. ನಿನ್ನದೇನೂ ತಪ್ಪಿಲ್ಲ ಎಂದ ಮೇಲೆ ನೀನು ನನಗೆ ಏನೂ ಬಾಕಿ ಇಲ್ಲ. ಹಾಗಿರುವಾಗ ಬಸ್ಸು ಹತ್ತಿ, ಅಂಗಡಿ ಮುಚ್ಚಿ, ನನ್ನ ಕಣ್ಣಿಗೆ ಹನಿ ಹಾಕಲು ನೀನು ಬರುವುದು ಯಾವ ಲೆಕ್ಕಕ್ಕೆ? ಕನಿಕರಕ್ಕಾದರೆ ಬೇಡ.

ಕೆಳಗಿನ ಟೈಲರಮ್ಮ ಬಿಡುವಾದಾಗ ನೋಡಿಕೊಳ್ಳುತ್ತೇನೆ ಎಂದಿದ್ದಾಳೆ. ನೀನು ಬರಬೇಡ. ಆಸ್ಪತ್ರೆ ಯಾವುದು ಎಂದು ಬರೆಯುವುದಿಲ್ಲ.

ಕಡೇಪುಟ್ಟಿ

*

ಮೇ 20

ಕಡೇಪುಟ್ಟಿ,

ನಿನ್ನ ಕಾಗದವನ್ನು ಇಟ್ಟುಕೊಂಡು ಬಹಳ ಯೋಚಿಸಿದೆ. ಕಾಯುತ್ತಿದ್ದದ್ದು ಯಾರಿಗೆ ಎಂದರೆ ನನಗೂ ತಿಳಿಯದು. ನಾನೂ ಒಬ್ಬಳ ಮೇಲೆ ಸಿಟ್ಟು ಮಾಡಿಕೊಂಡು ಬೆಳೆದೆ, ನಗುತ್ತಾ ಹೋದವಳ ಮೇಲೆ. ಅಂಥವಳು ಯಾರೂ ಇರಲಿಲ್ಲ ಎಂದು ನನಗೂ ಈಗಷ್ಟೇ ತಿಳಿದದ್ದು. ನನಗೆ ಆ ಸಿಟ್ಟು ಹೋಗಿ ಕೈ ಖಾಲಿ ಖಾಲಿ.

ಯಾವ ಲೆಕ್ಕಕ್ಕೆ ಬರುತ್ತೀಯ ಎಂದು ಕೇಳಿದ್ದೀಯ. ಇದಕ್ಕೆ ಹೇಳಬಲ್ಲೆ. ನಾನು ಆಗ ಬರುತ್ತೇನೆ ಎನ್ನಲಿಲ್ಲ, ನಿಜ. ಎನ್ನಲಿಲ್ಲ ಯಾಕೆಂದರೆ ನೀನು ಹೋಗುವುದನ್ನು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಊದಿದ ಕೆನ್ನೆ ಹೊತ್ತು ಕಿಟಕಿ ಹಾರಿ ಬರುತ್ತಿದ್ದೆ, ಚಿಕ್ಕಮ್ಮನ ಆಟೋದಲ್ಲಿ ನಿನಗಿಂತ ಮೊದಲು ಕೂತಿರುತ್ತಿದ್ದೆ. ಆಗ ಆಡದೆ ಹೋದದ್ದನ್ನು ಈಗ ಆಡುತ್ತೇನೆ. ಬರುತ್ತೇನೆ. ಇದರಲ್ಲಿ ಕರ್ತೃ ನಾನು, ಪ್ರಶ್ನೆಯ ಗುರುತು ಹಾಕಲು ಜಾಗವಿಲ್ಲ. ಕನಿಕರವೂ ಅಲ್ಲ. ಕನಿಕರ ಪಡುವಷ್ಟು ಒಳ್ಳೆಯವಳಲ್ಲ ನಾನು, ಅಂಗಡಿಗೆ ಬಂದ ಗಿರಾಕಿಗಳನ್ನು ಕೇಳು.

ಆಸ್ಪತ್ರೆ ಯಾವುದು ಎಂದು ನೀನು ಬರೆಯಲಿಲ್ಲ. ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಉಪಸಂಪಾದಕರೇ ತೆಗೆದರು. “ಎಂಟು ಬೇಡ ಅಂದೋರು ನೀವೇನಾ?” ಎಂದು ಕೇಳಿದರು. ಹೌದು ಎಂದೆ. “ಅವ್ರು ಒಬ್ರೇ ಹೋಗ್ತಿದಾರಲ್ಲ ಅಂತ ನಮಗೂ ಯೋಚನೆ ಆಗಿತ್ತು” ಎಂದು ವಿಳಾಸ, ವಾರ್ಡು, ನೋಡುವ ಹೊತ್ತು ಎಲ್ಲ ಹೇಳಿದರು. ಅವರ ಮೇಲೆ ನಿನಗೆ ಸಿಟ್ಟು ಬಂದರೆ ನನ್ನ ಮೇಲೆ ಹಾಕು.

ನಮ್ಮವರಿಗೆ ಹೇಳಿದೆ, ಸ್ವಲ್ಪ ದಿನ ಅಂಗಡಿಯನ್ನು ನೀವೇ ನೋಡಿಕೊಳ್ಳಬೇಕು ಎಂದು. ಮೊದಲ ಸಲಕ್ಕೇ ಸರಿಯಾಗಿ ಕೇಳಿಸಿತು. “ಹೋಗ್ಬಾ” ಎಂದು ಒಂದು ಕಪ್ಪು ಕನ್ನಡಕ ಕೊಟ್ಟಿದ್ದಾರೆ, ಕಟ್ಟು ಬಿಚ್ಚಿದ ಮೇಲೆ ನಿನಗೆ ಹಾಕಲು. ಮಂಗಳವಾರ ಹೊರಡುವ ಬಸ್ಸಿಗೆ ಟಿಕೆಟ್ ಆಗಿದೆ. ಬಂದವಳನ್ನು ಬೈಯಬೇಕೆನಿಸಿದರೆ ಬೈ, ಬಾಯಿಗೇನೂ ಕಟ್ಟು ಹಾಕುವುದಿಲ್ಲವಲ್ಲ. ಬೈದು ಮುಗಿದ ಮೇಲೆ ನಿನ್ನ ಹಾಸಿಗೆಯ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತೇನೆ.

ಅಂಚೆಯ ಗತಿ ನನಗೆ ಗೊತ್ತು. ನಿನ್ನ ಕಣ್ಣು ಕಟ್ಟುವ ಮೊದಲು ಈ ಕಾಗದ ತಲುಪಿದರೆ ನೀನೇ ಓದಿಕೋ. ತಡವಾಗಿ ಬಂದರೆ ತೆಗೆಸಿ ಇಟ್ಟಿರು, ನಾನು ಓದಿ ಹೇಳುತ್ತೇನೆ.

ನಿನ್ನ,
ಎಂಟಕ್ಕ